ಉಕ್ಕದ ಹಾಲಿಗೆ ನ್ಯಾಯ

ಮೂವತ್ತೊಂದು ವರ್ಷ ಭೂಗೋಳ ಪಾಠ ಮಾಡಿ, ಅದಕ್ಕಿಂತ ಹೆಚ್ಚು ಶ್ರದ್ಧೆಯಿಂದ ಪರೀಕ್ಷಾ ಕೊಠಡಿ ಕಾದು ನಿವೃತ್ತರಾದ ಮೇಷ್ಟ್ರಿಗೆ ಟೀವಿಯ ಅಡುಗೆ ಸ್ಪರ್ಧೆಯಲ್ಲಿ ಕೆಲಸ ಸಿಕ್ಕಿದ್ದು ಅಡುಗೆ ಬರುತ್ತದೆಂದಲ್ಲ. ಅವರಿಗೆ ಅಡುಗೆ ಬರುವುದಿಲ್ಲ. ಅವರಿಗೆ ಬರುವುದು ಅನುಮಾನ. ಹಿಂದಿನ ವರ್ಷ ಸ್ಪರ್ಧಿಯೊಬ್ಬ ಮನೆಯಲ್ಲೇ ಬೇಯಿಸಿದ ಕೋಳಿಯನ್ನು ಏಪ್ರನ್ನಿನೊಳಗೆ ತಂದು, ಹಸಿ ಕೋಳಿಯ ಜಾಗದಲ್ಲಿ ಕೂರಿಸಿ ಬಹುಮಾನ ಹೊಡೆದಿದ್ದ. ಆಮೇಲೆ ಚಾನೆಲ್ಲಿನವರು ನಿಯಮ ನೋಡಿಕೊಳ್ಳಲು ಒಬ್ಬರನ್ನು ಹುಡುಕಿದರು. ಕಾರ್ಯಕ್ರಮದ ನಿರ್ದೇಶಕ ಮೇಷ್ಟ್ರ ಹಳೆಯ ಶಿಷ್ಯ. ಹತ್ತನೇ ತರಗತಿಯಲ್ಲಿ ಕಾಲುಚೀಲದೊಳಗಿನ ಚೀಟಿಯ ಸಮೇತ ಇವರ ಕೈಗೇ ಸಿಕ್ಕಿಬಿದ್ದವನು. ಅವನ ಶಿಫಾರಸು ಸ್ವಾನುಭವದ್ದು.

ಮೇಷ್ಟ್ರು ಎರಡೇ ದಿನದಲ್ಲಿ ಸ್ಟುಡಿಯೋವನ್ನು ಪರೀಕ್ಷಾ ಕೊಠಡಿ ಮಾಡಿದರು. ಒಲೆಗಳ ನಡುವೆ ಆರಡಿ ಅಂತರ, ಒಲೆಗೊಂದು ಸೀಮೆಸುಣ್ಣದ ನಂಬರು. ಸ್ಪರ್ಧಿ ಅಕ್ಕಪಕ್ಕ ಕಣ್ಣು ಹಾಯಿಸಿದರೆ ಹಿಂದಿನಿಂದ "ನಿಮ್ಮ ಬಾಣಲೆ ನೋಡ್ಕೊಳ್ಳಿ" ಎಂಬ ಧ್ವನಿ. ಹೆಚ್ಚುವರಿ ಉಪ್ಪು ಬೇಕಾದವರು ಎದ್ದು ನಿಂತು ಕೈ ಎತ್ತಬೇಕು ಎಂದು ಬರೆದಿದ್ದರು. ಅಲ್ಲಿ ಕೂತವರೇ ಇಲ್ಲದ್ದರಿಂದ ಬರೀ ಕೈ ಎತ್ತಿದರೆ ಸಾಕೆಂದು ಮರುದಿನ ತಿದ್ದುಪಡಿ ತಂದರು.

ಅವರಿಗೆ ತಲೆನೋವಾದದ್ದು ಗಡಿಯಾರ. ಟೀವಿಯ ನಲವತ್ತು ನಿಮಿಷ ಸ್ಟುಡಿಯೋದಲ್ಲಿ ಮೂರು ಗಂಟೆ. ಕ್ಯಾಮೆರಾ ಜಾಗ ಬದಲಿಸಬೇಕು, ಸ್ಪರ್ಧಿಗಳ ಬೆವರು ಒರೆಸಬೇಕು, ಬೆವರು ಚೆನ್ನಾಗಿತ್ತೆಂದು ನಿರ್ದೇಶಕ ಹೇಳಿದರೆ ನೀರು ಚಿಮುಕಿಸಿ ಮತ್ತೆ ತರಿಸಬೇಕು. ಟೀವಿಯವರಿಗೆ ಬೆಂದದ್ದಕ್ಕಿಂತ ನೊಂದದ್ದು ಮುಖ್ಯ. ಹಾಗಾಗಿ ನಡುನಡುವೆ ಗಡಿಯಾರವನ್ನು ನಿಲ್ಲಿಸುತ್ತಾರೆ. ಒಲೆಗೆ ಈ ಸಂಗತಿ ತಿಳಿಯದು. ಆದ್ದರಿಂದ ಮೇಷ್ಟ್ರು ಹನ್ನೊಂದನೇ ನಿಯಮ ಬರೆದರು: ಗಂಟೆ ಹೊಡೆದೊಡನೆ ಸ್ಪರ್ಧಿಗಳು ಒಲೆ ಆರಿಸಿ ಹೊರಗೆ ಹೋಗಬೇಕು, ಆರಿಸಲು ಮರೆತರೆ ಅವರ ಹಣೆಬರಹ, ಮತ್ತೆ ಗಂಟೆ ಹೊಡೆಯುವವರೆಗೆ ಯಾರೂ ಏನನ್ನೂ ಮುಟ್ಟುವಂತಿಲ್ಲ. 'ಯಾರೂ' ಎಂಬುದರ ಕೆಳಗೆ ಕೆಂಪು ಗೆರೆ.

ಸೆಮಿಫೈನಲ್‌ಗೆ ನಾಲ್ಕು ಜನ ಉಳಿದಿದ್ದರು, ಫೈನಲ್‌ಗೆ ಹೋಗುವವರು ಇಬ್ಬರು. ಮೂರನೇ ಒಲೆಯಲ್ಲಿದ್ದದ್ದು ಶಾಲಾ ಸಮವಸ್ತ್ರ ಹೊಲಿಯುವ ಹೆಂಗಸು. ಎಲ್ಲರಿಗೂ ಆಕೆ ಹೊಲಿಗೆಯಕ್ಕ. ಮೆಷಿನ್ ತುಳಿದು ತುಳಿದು ಮೊಣಕಾಲು ಸವೆದಿತ್ತು. ಫೈನಲ್ ತಲುಪಿದರೆ ತಮ್ಮ ಕ್ಯಾಂಟೀನನ್ನೇ ವಹಿಸಿಕೊಡುವುದಾಗಿ ಶಾಲೆಯವರು ಮಾತು ಕೊಟ್ಟಿದ್ದರು. ಆಕೆ ಪುಡಿಂಗಿಗೆಂದು ಹಾಲಿಟ್ಟಿದ್ದಾಗ ಗಂಟೆ ಹೊಡೆಯಿತು. ಗಡಿಬಿಡಿಯಲ್ಲಿ ಒಲೆಯ ತಿರುಪನ್ನು ಉಲ್ಟಾ ತಿರುಗಿಸಿ, ಉರಿ ಆರಿತೆಂದುಕೊಂಡು ಹೊರಟುಹೋದಳು.

ಕ್ಯಾಮೆರಾದವರೂ ಚಹಾಕ್ಕೆ ಹೋದ ಮೇಲೆ ಸ್ಟುಡಿಯೋದಲ್ಲಿ ಉಳಿದದ್ದು ಮೇಷ್ಟ್ರು ಮತ್ತು ಹಾಲು.

ನಿವೃತ್ತಿಯ ನಂತರ ಮನೆಯಲ್ಲಿ ಹೆಂಡತಿ ಅವರಿಗೆ ಕೊಟ್ಟಿದ್ದ ಹುದ್ದೆ ಒಂದೇ, ಬೆಳಗಿನ ಹಾಲು ಕಾಯುವುದು. ಒಲೆಯ ಮೇಲೆ ಹಾಲು ಕಾಯುತ್ತದೆ, ಎದುರಿಗೆ ಇವರು ಕಾಯುತ್ತಾರೆ, ಹಾಲು ಉಕ್ಕಿದ ದಿನ ಆಕೆಯೂ ಕಾಯುತ್ತಾರೆ. ಮೂರು ವರ್ಷದ ಈ ತರಬೇತಿ ಕೈಗೆ ಇಳಿದುಬಿಟ್ಟಿತ್ತು. ಮೂರನೇ ಒಲೆಯ ಹಾಲು ಪಾತ್ರೆಯ ಅಂಚಿಗೆ ಏರಿದ್ದೇ ತಡ, ಹನ್ನೊಂದನೇ ನಿಯಮ ತಲೆಗೆ ಬರುವ ಮೊದಲೇ ಮೇಷ್ಟ್ರ ಕೈ ಒಲೆ ಆರಿಸಿಯಾಗಿತ್ತು.

ಯಾರೂ ನೋಡಿರಲಿಲ್ಲ. ಕ್ಯಾಮೆರಾ ಕೂಡ ಕಣ್ಣು ಮುಚ್ಚಿತ್ತು. ಮೇಷ್ಟ್ರು ಹೊರಗೆ ಹೋಗಿ ಎಲ್ಲರನ್ನೂ ಕರೆತಂದು, ನಡೆದದ್ದನ್ನು ಹೇಳಿದರು.

ನಿರ್ದೇಶಕ ಅವರನ್ನು ಪಕ್ಕಕ್ಕೆ ಎಳೆದ. "ಸರ್, ಯಾರಾದ್ರೂ ನೋಡಿದ್ರಾ?"

"ನಾನು ನೋಡ್ದೆ."

"ನೀವೇ ಮಾಡಿ ನೀವೇ ನೋಡಿದ್ರೆ ಅದು ಲೆಕ್ಕಕ್ಕಿಲ್ಲ ಸರ್."

"ಅವತ್ತು ಕಾಲುಚೀಲದ ವಿಷಯದಲ್ಲೂ ಹೀಗೇ ವಾದ ಮಾಡಿದ್ದೆ ನೀನು."

ಎರಡನೇ ಒಲೆಯ ಹಲ್ಲಿನ ಡಾಕ್ಟರು ಮುಂದೆ ಬಂದರು. "ಹಾಗಾದ್ರೆ ಮೂರನೇ ಒಲೆ ಔಟ್ ಅಲ್ವಾ?"

"ತಪ್ಪು ನಂದು. ಮೇಲ್ವಿಚಾರಕ ಶಾಯಿ ಚೆಲ್ಲಿದ್ರೆ ಹುಡುಗನ್ನ ಫೇಲ್ ಮಾಡೋಕಾಗುತ್ತಾ?"

"ಪಾಸೂ ಮಾಡೋಕಾಗಲ್ಲ ಸ್ವಾಮಿ."

ಅದೂ ನ್ಯಾಯವೇ ಎಂದು ಮೇಷ್ಟ್ರಿಗೆ ಅನಿಸಿತು. ಬಿಡುವಿಗೆ ಗೊತ್ತುಮಾಡಿದ್ದ ಸಮಯ ಒಂಬತ್ತು ನಿಮಿಷ. ಮತ್ತೆ ಅದೇ ಪಾತ್ರೆ, ಅದೇ ಹಾಲು, ಅದೇ ಉರಿ, ಒಂಬತ್ತು ನಿಮಿಷ, ಯಾರೂ ಮುಟ್ಟುವಂತಿಲ್ಲ. ಆಗಬೇಕಾದದ್ದು ಆಗಲಿ ಎಂದು ತೀರ್ಮಾನ ಕೊಟ್ಟರು.

ಇಪ್ಪತ್ತು ಜನ ಒಂದು ಪಾತ್ರೆ ಹಾಲಿನ ಸುತ್ತ ಸಾವಿನ ಮನೆಯಲ್ಲಿ ನಿಂತಂತೆ ನಿಂತರು. ಅಷ್ಟು ಜನರೆದುರು ಹಾಲಿಗೂ ಸಂಕೋಚವಾಗಿರಬೇಕು, ಮೂರು ನಿಮಿಷ ಮಿಸುಕಲಿಲ್ಲ. ಆಮೇಲೆ ಏರಿತು. ಮೇಷ್ಟ್ರ ಕೈ ತಾನಾಗಿ ಮುಂದೆ ಹೋಯಿತು. ಮೇಕಪ್ಪಿನವಳು ಮತ್ತು ಲೈಟಿನವನು ಆಚೀಚೆ ಹಿಡಿದುಕೊಂಡರು. ಹಾಲು ಉಕ್ಕಿ ಒಲೆಗಿಳಿಯಿತು, ಒಲೆಯಿಂದ ಮೇಜಿಗೆ, ಮೇಜಿನಿಂದ ನಿರ್ದೇಶಕನ ಬೂಟಿಗೆ. ಒಂಬತ್ತು ನಿಮಿಷ ಮುಗಿದಾಗ ಪಾತ್ರೆಯಲ್ಲಿ ಉಳಿದದ್ದು ಮೂರನೇ ಒಂದು ಪಾಲು. ತಳ ಕರಕಲು.

"ಮೇಷ್ಟ್ರೇ, ಹೇಳದೇ ಇದ್ದಿದ್ರೆ ನಿಮ್ದೇನು ಹೋಗ್ತಿತ್ತು?" ಹೊಲಿಗೆಯಕ್ಕ ಕೇಳಿದಳು.

"ನಂದೇನೂ ಹೋಗ್ತಿರಲಿಲ್ಲಮ್ಮ. ನಿಮ್ಮ ಕ್ಯಾಂಟೀನು ಹೋಗಬಹುದು ಅಂತ ಗೊತ್ತಿದ್ದೇ ಹೇಳ್ದೆ. ಬೈಯೋದಾದ್ರೆ ಬೈದುಬಿಡಿ."

"ಉಳಿದಿರೋದು ಹನ್ನೆರಡು ನಿಮಿಷ. ಅದರಲ್ಲಿ ಪುಡಿಂಗ್ ಮಾಡ್ಲೋ, ನಿಮ್ಮನ್ನ ಬೈಲೋ?" ಎಂದು ಆಕೆ ಸೆರಗು ಸಿಕ್ಕಿಸಿದಳು. "ಬಿಡಿ, ಬಟ್ಟೆ ಸಾಲದೇ ಬಂದಾಗ ಅಂಗಿ ಹೊಲಿದಿಲ್ವಾ ನಾನು."

ತಳ ಕೆದಕದೆ ಮೇಲಿನ ಹಾಲನ್ನಷ್ಟೇ ಬಸಿದುಕೊಂಡಳು. ಸುಟ್ಟ ವಾಸನೆ ಅಡಗಲೆಂದು ಸಕ್ಕರೆಯನ್ನೂ ಕೆಂಪಗೆ ಕರಗಿಸಿ ಬೆರೆಸಿದಳು. ಬಟ್ಟಲುಗಳನ್ನು ಪಕ್ಕಕ್ಕಿಟ್ಟು, ಒಂದು ಮೊಟ್ಟೆ ಹಿಡಿಸುವಷ್ಟು ಪುಟ್ಟದಾದ ಮೂರು ಕಪ್ಪುಗಳಲ್ಲಿ ತುಂಬಿದಳು.

ತೀರ್ಪುಗಾರರು ಮೂವರೂ ಅಷ್ಟು ಹೊತ್ತು ತಮ್ಮ ಕೋಣೆಯಲ್ಲಿದ್ದರು, ಅವರಿಗೆ ಇದೊಂದೂ ತಿಳಿಯದು. ಹಿರಿಯ ತೀರ್ಪುಗಾರರು ಒಂದು ಚಮಚ ಬಾಯಿಗಿಟ್ಟು ಕಣ್ಣು ಮುಚ್ಚಿದರು. "ಈ ಹೊಗೆಯ ಘಮ... ಇದನ್ನ ತರೋಕೆ ನಮ್ಮ ಹೋಟೆಲಲ್ಲಿ ಎರಡು ದಿನ ಒದ್ದಾಡ್ತೀವಿ. ಹೇಗೆ ತಂದ್ರಿ?"

"ನಾನೇನೂ ತರಲಿಲ್ಲ ಸರ್. ಇಲ್ಲಿರೋ ಇಪ್ಪತ್ತು ಜನ ಸೇರಿ ತರಿಸಿದ್ರು."

ಹೊಲಿಗೆಯಕ್ಕ ಎರಡನೇ ಸ್ಥಾನ, ಡಾಕ್ಟರು ಅರ್ಧ ಅಂಕದಿಂದ ಮೂರನೆಯವರು. ಅವರು ಸುಮ್ಮನಿರಲಿಲ್ಲ. "ಅವರ ಹಾಲು ಸುಟ್ಟಿದ್ದು ಈ ಮೇಷ್ಟ್ರಿಂದ. ಆ ಸುಟ್ಟಿದ್ದಕ್ಕೇ ಅಂಕ ಬಂತು. ಇದ್ಯಾವ ನ್ಯಾಯ?"

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಹೊಲಿಗೆಯಕ್ಕನ ಕೈ ಸೆರಗನ್ನು ಹಿಂಡುತ್ತಿತ್ತು.

"ಡಾಕ್ಟ್ರೇ, ನಾನು ಮುಟ್ಟದೇ ಇದ್ದಿದ್ರೆ ಆ ಹಾಲು ಏನಾಗ್ತಿತ್ತು?"

"ಉಕ್ಕಿ ಸುಡ್ತಿತ್ತು."

"ಈಗೇನಾಯ್ತು?"

ಡಾಕ್ಟರು ಬಾಯಿ ತೆರೆದರು. ದಿನವಿಡೀ ಬೇರೆಯವರ ಬಾಯಿ ತೆರೆಸುವವರು, ತಮ್ಮದನ್ನು ನಿಧಾನವಾಗಿ ಮುಚ್ಚಿಕೊಂಡರು.

"ಫಲಿತಾಂಶ ಸರಿಯಿದೆ," ಎಂದ ಮೇಷ್ಟ್ರು ಪೆನ್ನು ತೆಗೆದು ವರದಿಯ ಹಾಳೆಯಲ್ಲಿ ಬರೆದು ಸಹಿ ಹಾಕಿದರು: ಮೂರನೇ ಒಲೆ ತೇರ್ಗಡೆ. ಮೇಲ್ವಿಚಾರಕ ಡಿಬಾರ್.

ನಿರ್ದೇಶಕ ಗಾಬರಿಯಾದ. "ಸರ್, ಫೈನಲ್‌ಗೆ ಮೇಲ್ವಿಚಾರಕರು ಯಾರು?"

"ಇವರನ್ನ ಇಟ್ಕೋ," ಮೇಷ್ಟ್ರು ಗಂಟೆಯನ್ನು ಡಾಕ್ಟರ ಕೈಗಿತ್ತರು. "ಸೋತು ಸಿಟ್ಟಲ್ಲಿದ್ದಾಗಲೂ ತರ್ಕ ಒಪ್ಪಿಕೊಂಡ್ರು. ಇಂಥವರು ಹುಡುಕಿದ್ರೂ ಸಿಗಲ್ಲ."

ಡಾಕ್ಟರು ಗಂಟೆಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಮೇಷ್ಟ್ರು ಮೂರನೇ ಒಲೆಯ ಬಳಿ ನಿಂತು ಹೊಲಿಗೆಯಕ್ಕನೊಂದಿಗೆ ಮಾತಿಗೆ ತೊಡಗಿದ್ದರು. ಕ್ಯಾಂಟೀನಿಗೆ ಖಂಡಿತ ಬರಬೇಕು, ಬಂದು ಕೈಕಟ್ಟಿ ಕೂರಬೇಕು ಎಂದು ಆಕೆ ಹೇಳುತ್ತಿದ್ದಳು.

ಗಂಟೆ ಹೊಡೆಯಿತು.

"ಮೇಷ್ಟ್ರೇ, ಈಗ ನೀವು ಹೊರಗಿನವರು. ಒಲೆ ಹತ್ತಿರ ನಿಲ್ಲೋ ಹಾಗಿಲ್ಲ," ಎಂದರು ಡಾಕ್ಟರು.

ಮೇಷ್ಟ್ರ ಮುಖ ಅರಳಿತು. ಕೊಡೆ ತೆಗೆದುಕೊಂಡು ಹೊರಗೆ ನಡೆದರು.