ತಮ್ಮನಿಗೆ ರಜೆ ಕೊಡಿಸಿದ್ದು

ಇದು ನಡೆದದ್ದು ೧೯೯೮ರಲ್ಲಿ. ಆಗ ನಾವು ಮೈಸೂರಿನ ಶ್ರೀರಾಂಪುರದಲ್ಲಿದ್ದೆವು. ಮನೆಯ ಮುಂಭಾಗದಲ್ಲೇ ಅಪ್ಪನ ಹಿಟ್ಟಿನ ಗಿರಣಿ. ನಾನು ಹತ್ತಿರದ ಶಿಶುವಿಹಾರದಲ್ಲಿ ಟೀಚರ್ ಆಗಿದ್ದೆ. ನನ್ನ ಒಬ್ಬನೇ ತಮ್ಮ ಮಹದೇವ ಸೈನ್ಯಕ್ಕೆ ಸೇರಿ ಕೆಲವು ತಿಂಗಳಾಗಿತ್ತು. ದೂರದ ಮಧ್ಯಪ್ರದೇಶದಲ್ಲಿ ಅವನ ಟ್ರೈನಿಂಗ್ ನಡೆಯುತ್ತಿತ್ತು.

ಆ ವರ್ಷ ದೀಪಾವಳಿ ಕಳೆದ ಮೇಲೆ ಅವ್ವ ಗಿರಣಿಯ ಬಾಗಿಲಲ್ಲೇ ತಲೆ ಸುತ್ತಿ ಬಿದ್ದುಬಿಟ್ಟಳು. ಆಸ್ಪತ್ರೆಗೆ ಸೇರಿಸಿದೆವು. ಗರ್ಭಕೋಶದಲ್ಲಿ ಗೆಡ್ಡೆ, ಬಹಳ ದಿನದಿಂದ ರಕ್ತ ಹೋಗಿ ಹೋಗಿ ಮೈಯಲ್ಲಿ ಏನೂ ಉಳಿದಿಲ್ಲ ಎಂದರು ಡಾಕ್ಟರು. ರಕ್ತ ಕೊಟ್ಟು ಒಂದು ವಾರದೊಳಗೆ ಆಪರೇಷನ್ ಮಾಡಲೇಬೇಕು, ತಡವಾದರೆ ಜೀವಕ್ಕೇ ಅಪಾಯ ಅಂತಲೂ ಹೇಳಿದರು. ಇಷ್ಟು ದಿನ ನಮ್ಮೆದುರಿಗೆ ಅವ್ವ ಈ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಅದಕ್ಕೆ ನನಗೆ ಅವಳ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಆಪರೇಷನ್ ಎಂದ ಕೂಡಲೇ ಅವ್ವ ಗೋಡೆ ಕಡೆ ತಿರುಗಿ ಮಲಗಿದಳು. ಅವಳ ಅಕ್ಕ ಹೀಗೇ ಆಪರೇಷನ್‌ಗೆಂದು ಒಳಗೆ ಹೋದವರು ಹೊರಗೆ ಬಂದಿರಲಿಲ್ಲ. ಆ ಭಯ ಅವಳಿಗೆ.

"ನನ್ ಮಗನ ಮಖ ನೋಡ್ದೆ ನಾನು ಹೊಟ್ಟೆ ಕುಯ್ಯಿಸ್ಕೊಳಕಿಲ್ಲ. ಮಾದೇವನ್ನ ಕರುಸಿ. ಇಲ್ದಿದ್ರೆ ಇಂಗೇ ಸಾಯ್ತೀನಿ ಬುಡಿ" ಎಂದಳು. ಡಾಕ್ಟರು ಬೈದರು, ಅಪ್ಪ ಕೈ ಮುಗಿದರು, ನಾನು ಅತ್ತೆ. ಅವ್ವ ಜಗ್ಗಲಿಲ್ಲ.

ಸರಿ, ಟೆಲಿಗ್ರಾಂ ಕೊಟ್ಟೆವು. ತಾಯಿಗೆ ಸೀರಿಯಸ್, ಕೂಡಲೇ ಹೊರಡು ಅಂತ. ಟೆಲಿಗ್ರಾಂ ತಲುಪಿದರೆ ಸಾಕು, ಮಹದೇವ ರೈಲು ಹತ್ತುತ್ತಾನೆ ಎಂದುಕೊಂಡಿದ್ದೆ. ಅವನೂ ಬರಲಿಲ್ಲ, ಉತ್ತರವೂ ಬರಲಿಲ್ಲ. ದಿನಗಳು ಸುಮ್ಮನೆ ಹೋಗುತ್ತಿದ್ದವು. ಗಿರಣಿಗೆ ರಾಗಿ ಬೀಸಲು ಬಂದ ಒಬ್ಬರು, ಮಾಜಿ ಸೈನಿಕರಿಗೆಂದು ಸರ್ಕಾರದ ಒಂದು ಆಫೀಸಿದೆ, ಅಲ್ಲಿ ಹೋಗಿ ಕೇಳಮ್ಮ ಎಂದರು. ಶಿಶುವಿಹಾರಕ್ಕೆ ರಜೆ ಹಾಕಿ ಹೋದೆ.

ಅಲ್ಲಿ ದೊಡ್ಡ ಮೀಸೆಯ, ರಿಟೈರ್ ಆದ ಸುಬೇದಾರರೊಬ್ಬರು ಕೂತಿದ್ದರು. ನಾನು ಹೇಳಿದ್ದನ್ನೆಲ್ಲ ಕೇಳಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ನಿಜ ಹೇಳಮ್ಮ. ತಾಯಿ ಇದ್ದಾರಾ, ಹೋಗ್ಬಿಟ್ರಾ?" ಎಂದರು.

ನನಗೆ ಮೈಯೆಲ್ಲ ಉರಿದುಹೋಯಿತು. "ಇದ್ದಾರೆ ಸಾರ್. ಈಗ್ತಾನೆ ಮಾತಾಡಿಸ್ಕೊಂಡು ಬಂದಿದ್ದೀನಿ" ಎಂದೆ.

"ಎಲ್ರೂ ಹಂಗೇ ಅಂತಾರೆ ಕಣಮ್ಮ" ಎಂದರು. "ಮನೇಲಿ ಮದುವೆ ಇದ್ರೂ ತಾಯಿ ಸೀರಿಯಸ್. ತಾಯಿ ಹೋದ್ರೂ ತಾಯಿ ಸೀರಿಯಸ್. ಅಲ್ಲಿರೋ ಸಾಹೇಬರು ಏನಂತ ತಿಳ್ಕೋಬೇಕು? ಟ್ರೈನಿಂಗಲ್ಲಿರೋ ಹುಡುಗರಿಗೆ ಸುಮ್ಸುಮ್ನೆ ರಜಾ ಕೊಡಲ್ಲ. ಹೆತ್ತೋರ ವಿಷಯ ಆದ್ರೆ ಕೊಡ್ತಾರೆ. ಆದ್ರೆ ಅದು ಸತ್ಯ ಅಂತ ಇಲ್ಲಿಂದ ಯಾರಾದ್ರೂ ಜವಾಬ್ದಾರಿ ಇರೋರು ಹೇಳ್ಬೇಕು."

"ಯಾರು ಹೇಳ್ಬೇಕು ಸಾರ್?"

"ನಾನೇ. ಅದಕ್ಕೇ ಕೇಳ್ತಿರೋದು, ಇದ್ದಾರಾ, ಹೋದ್ರಾ?"

ಏನು ಹೇಳಿದರೆ ಇವರು ನಂಬುತ್ತಾರೆ ಎಂದೇ ತೋಚಲಿಲ್ಲ. ಹೋಗಿದ್ದಾರೆ ಎಂದರೆ ಸುಳ್ಳು, ಅದನ್ನು ಬಾಯಲ್ಲಿ ಆಡುವುದಾದರೂ ಹೇಗೆ? ಇದ್ದಾರೆ ಎಂದರೆ ಇವರಿಗೆ ಅನುಮಾನ. "ನೀವೇ ಬಂದು ನೋಡಿ ಸಾರ್" ಎಂದುಬಿಟ್ಟೆ. ಅವರು ನಿಜವಾಗಿಯೂ ಬಂದುಬಿಟ್ಟರು! ತಮ್ಮ ಸ್ಕೂಟರಿನಲ್ಲೇ ಆಸ್ಪತ್ರೆಗೆ ಬಂದು, ವಾರ್ಡಿನಲ್ಲಿ ಅವ್ವನ ಮಂಚದ ಹತ್ತಿರ ನೆಟ್ಟಗೆ ನಿಂತು ನಮಸ್ಕಾರ ಮಾಡಿದರು. ಅವ್ವ ಆ ಮೀಸೆ ನೋಡಿ, "ಇವ್ರ್ಯಾರು? ಆಪರೇಷನ್ ಮಾಡೋರಾ?" ಎಂದು ಹೆದರಿ ಹೊದಿಕೆ ಎಳೆದುಕೊಂಡಳು. ಸುಬೇದಾರರು ನಕ್ಕರು, ಡಾಕ್ಟರ ಹತ್ತಿರ ಮಾತಾಡಿದರು, ಅಂದೇ ಟ್ರೈನಿಂಗ್ ಕೇಂದ್ರಕ್ಕೆ ಸುದ್ದಿ ಕಳಿಸಿದರು.

ಮಾರನೆಯ ದಿನವೇ ನಮ್ಮ ಪಕ್ಕದ ಮನೆಯ ಜಯಮ್ಮನವರ ಫೋನಿಗೆ ಮಹದೇವನ ಕರೆ ಬಂತು. ನಾನು ಆಸ್ಪತ್ರೆಯಲ್ಲಿದ್ದೆ. ಅಪ್ಪ ಗಿರಣಿ ನಿಲ್ಲಿಸಿ ಓಡಿಹೋಗಿ ಮಾತಾಡಿದ್ದರು. ಸಂಜೆ ನನ್ನ ಹತ್ತಿರ, "ರಜಾ ಸಿಕ್ತಂತೆ, ಇವತ್ತೇ ರೈಲು ಹತ್ತಾನಂತೆ. ಹುಡುಗ ಗಾಬರಿಯಾಗಿದ್ದ. ನಾನು ಧೈರ್ಯ ಹೇಳಿವ್ನಿ" ಎಂದರು. ಅಬ್ಬಾ ಎಂದುಕೊಂಡೆ. ಅವ್ವನಿಗೆ ಹೇಳಿದಾಗ ಅವಳು ಬಹಳ ದಿನದ ಮೇಲೆ ಒಂದು ಲೋಟ ಗಂಜಿ ಪೂರ್ತಿ ಕುಡಿದಳು. ಅವನು ಬಂದ ಮಾರನೆಯ ದಿನ ಆಪರೇಷನ್ ಎಂದು ಡಾಕ್ಟರೂ ನಿರ್ಧಾರ ಮಾಡಿದರು.

ಅವನು ಬರಬೇಕಾದ ದಿನ ಬೆಳಿಗ್ಗೆ ನಾನೂ ಅಪ್ಪನೂ ಮೈಸೂರು ಸ್ಟೇಷನ್ನಿಗೆ ಹೋದೆವು. ಬೆಂಗಳೂರಿನ ರೈಲು ಬಂತು. ಜನವೆಲ್ಲ ಇಳಿದರು. ಮಹದೇವ ಇಳಿಯಲಿಲ್ಲ. ಮುಂದಿನ ರೈಲಿಗೂ ಕಾದೆವು, ಅದರಲ್ಲೂ ಇಲ್ಲ. ಅಪ್ಪನ ಮುಖ ಸಣ್ಣದಾಯಿತು. ಈಗ ಅವ್ವನಿಗೆ ಏನು ಹೇಳುವುದು? ಅವನು ಬರಲಿಲ್ಲ ಎಂದರೆ ಅವಳು ಮತ್ತೆ ಗೋಡೆ ಕಡೆ ತಿರುಗುತ್ತಾಳೆ. ಅಪ್ಪ ಆಸ್ಪತ್ರೆಗೆ ಹೋದರು. ಜಯಮ್ಮನವರ ಮನೆಗೆ ಏನಾದರೂ ಫೋನ್ ಬಂದಿದೆಯೋ ನೋಡೋಣ ಎಂದು ನಾನು ಬಸ್ಸು ಹತ್ತಿ ಶ್ರೀರಾಂಪುರಕ್ಕೆ ಬಂದೆ.

ನಮ್ಮ ಬೀದಿಗೆ ತಿರುಗಿದೆ, ನೋಡುತ್ತೇನೆ, ಮನೆ ಮುಂದೆ ಜನ. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದಾರೆ. ಗಿರಣಿಯ ಜಗಲಿಯ ಮೇಲೆ ಮಹದೇವ ಕೂತಿದ್ದಾನೆ. ತಲೆ ನುಣ್ಣಗೆ ಬೋಳಿಸಿದೆ, ಮೀಸೆಯೂ ಇಲ್ಲ.

ನಾವು ಸ್ಟೇಷನ್ನಿನಲ್ಲಿದ್ದಾಗ ಆಸ್ಪತ್ರೆಯಿಂದ ಜಯಮ್ಮನವರ ಮನೆಗೆ ಸುದ್ದಿ ಬಂದಿದೆ, ಮುಗಿಯಿತು ಎಂದುಕೊಂಡೆ. ಜಯಮ್ಮ ಓಡಿಬಂದು ನನ್ನನ್ನು ತಬ್ಬಿಕೊಂಡು, "ಹೋಗ್ಬುಟ್ರಲ್ಲೇ ನಿಮ್ಮವ್ವ!" ಎಂದು ಗೋಳಾಡಿದರು. ನಾನು ಅಲ್ಲೇ ಬೀದಿಯಲ್ಲಿ ಕೂತು ಹಣೆ ಬಡಿದುಕೊಂಡು ಅತ್ತೆ. ನಮ್ಮ ಮನೆಯ ಬಾಗಿಲಿಗೆ ಬೀಗ ಹಾಕಿತ್ತು. ಇನ್ನು ಈ ಬಾಗಿಲು ತೆಗೆದರೆ ಒಳಗೆ ಯಾರೂ ಇರುವುದಿಲ್ಲವಲ್ಲ ಎನ್ನಿಸಿತು. ಅವಳ ಮೇಲೆ ಸಿಟ್ಟು ಮಾಡಿಕೊಂಡಿದ್ದೆಲ್ಲ ನೆನಪಾಯಿತು.

ಮಹದೇವ ಬಂದು ನನ್ನ ಪಕ್ಕದಲ್ಲಿ ಕೂತ. ಅಳುತ್ತಲೇ, "ಹೊಳೇಗ್ ಯಾಕಕ್ಕ ಬರ್ಲಿಲ್ಲ ನೀವು? ನಾನು ಎಷ್ಟೊತ್ತು ಕಾದೆ" ಎಂದ.

ಆ ಅಳುವಿನ ನಡುವೆಯೂ ನನಗೆ ಅದು ಅರ್ಥವಾಗಲಿಲ್ಲ. "ಯಾವ್ ಹೊಳೆ?" ಎಂದೆ.

"ಶ್ರೀರಂಗಪಟ್ಟಣದ್ದು. ಇವತ್ತು ಮೂರನೇ ದಿನ ಅಲ್ವಾ? ಅಸ್ಥಿ ಬಿಡಕ್ಕೆ ಎಲ್ರೂ ಅಲ್ಲಿಗೆ ಬಂದಿರ್ತೀರಾ ಅಂತ ರೈಲಿಂದ ಅಲ್ಲೇ ಇಳ್ದು ತಲೆ ಬೋಳುಸ್ಕೊಂಡೆ."

"ಯಾರ್ದು ಮೂರನೇ ದಿನ?"

"ಅವ್ವಂದು."

"ಅವ್ವ ನಿನ್ನೆ ರಾತ್ರಿ ನನ್ ಕೈಲಿ ಗಂಜಿ ಕುಡುದ್ಲು ಕಣೋ!" ಎಂದು ಕಿರುಚಿದೆ.

ಜಯಮ್ಮ ಮೂಗು ಒರೆಸಿಕೊಂಡು, "ಅಂಗಾದ್ರೆ ಇವತ್ತು ಬೆಳಿಗ್ಗೆ ಹೋದ್ರಾ?" ಎಂದರು.

"ಹೋದ್ರು ಅಂತ ನಿಮ್ಗೆ ಯಾರು ಹೇಳಿದ್ರು?"

"ಯಾರೂ ಹೇಳ್ಲಿಲ್ಲ ಕಣಮ್ಮ. ನಿನ್ ತಮ್ಮನ್ ತಲೆ ನೋಡ್ದೆ, ಅಳು ಬಂದ್ಬುಡ್ತು."

"ನಿಂಗ್ಯಾರು ಹೇಳಿದ್ದು?" ಎಂದು ತಮ್ಮನನ್ನು ಕೇಳಿದೆ. "ಬಂದ್ ನೋಡಿದ್ರೆ ಜಯಮ್ಮನೋರೂ ಅಳ್ತಿದ್ರಲ್ಲ!" ಎಂದ ಅವನು. ಯಾರನ್ನು ಕೇಳಿದರೂ ಇನ್ನೊಬ್ಬರ ಕಡೆ ಕೈ ತೋರಿಸುತ್ತಿದ್ದರು. ನನಗೋ, ಅವ್ವ ಇದ್ದಾಳೋ ಇಲ್ಲವೋ ಎಂದು ಈಗ ನಿಜವಾಗಿಯೂ ಗೊತ್ತಿರಲಿಲ್ಲ. ಬೆಳಿಗ್ಗೆಯಿಂದ ನಾನು ಅವಳ ಮುಖ ನೋಡಿರಲಿಲ್ಲ. ತಮ್ಮನ ಕೈ ಹಿಡಿದು ಎಳೆದುಕೊಂಡು ಹೋಗಿ ಆಟೋ ಹತ್ತಿಸಿದೆ.

ಆಟೋದಲ್ಲಿ ಅವನು ಹೇಳಿದ. ಫೋನಿನಲ್ಲಿ ಅಪ್ಪ ಹೇಳಿದ್ದಿಷ್ಟೇ: "ಏನೂ ಆಗಿಲ್ಲ ಕಣ್ಲಾ. ಅವ್ವಂಗೆ ಒಸಿ ಉಸಾರಿಲ್ಲ ಅಷ್ಟೇಯ. ನೀನು ಹೊಂಟ್ ಬಾ. ದಾರೀಲಿ ಏನಾದ್ರೂ ತಿಂದ್ಕೊ."

ಇದನ್ನು ಕೇಳಿದ ಮೇಲೆ ಅವನ ತಪ್ಪೇನು ಎನ್ನಿಸಿತು. ನಮ್ಮ ಕಡೆ ದೂರದಲ್ಲಿರುವವರಿಗೆ ಸಾವಿನ ಸುದ್ದಿಯನ್ನು ಯಾರೂ ನೇರವಾಗಿ ಹೇಳುವುದಿಲ್ಲ. ಒಬ್ಬರೇ ಬರಬೇಕು, ದಾರಿಯಲ್ಲಿ ಎದೆಗುಂದಬಾರದು ಅಂತ ಹುಷಾರಿಲ್ಲ ಎಂದಷ್ಟೇ ಹೇಳಿ ಕರೆಸುತ್ತಾರೆ. ಮನೆಗೆ ಬಂದ ಮೇಲೆ ಊಟ ಸೇರುವುದಿಲ್ಲ ಎಂದು, ತಿಂದುಕೊಂಡು ಬಾ ಎನ್ನುತ್ತಾರೆ. ತಾತ ತೀರಿಕೊಂಡಾಗ ಹಾಸ್ಟೆಲಿನಲ್ಲಿದ್ದ ಮಹದೇವನನ್ನು ಕರೆತರಲು ಹೋದ ಅಪ್ಪ ಇದೇ ಮಾತು ಹೇಳಿದ್ದರು. ಪಾಪ, ಈ ಸಲ ಅಪ್ಪ ಸ್ವಲ್ಪ ಹಗುರ ಮಾಡಿದ್ದರೂ ನಿಜವನ್ನೇ ಹೇಳಿದ್ದರು. ಆದರೆ ಸತ್ತಾಗಲೂ ಹೇಳುವುದು ಅದನ್ನೇ ಆದರೆ ಕೇಳುವವನು ಏನೆಂದು ತಿಳಿಯಬೇಕು? ಅಲ್ಲಿ ಕೇಂದ್ರದಲ್ಲೂ ಅವನ ಹವಾಲ್ದಾರರು ಒಂದೂ ಮಾತಾಡದೆ ಬೆನ್ನು ತಟ್ಟಿ ಕಳಿಸಿದ್ದರಂತೆ. ಇವನಿಗೆ ಖಾತ್ರಿಯಾಗಿಬಿಟ್ಟಿತ್ತು.

ವಾರ್ಡಿನ ಬಾಗಿಲಿಗೆ ಬಂದೆವು. ಒಳಗಿನಿಂದ ಅವ್ವನ ದನಿ ಕೇಳಿಸಿತು. "ನೆಟ್ಟಗೆ ನೋಡಿದ್ರಾ ಇಲ್ವಾ ನೀವು? ಇಳ್ದಿರ್ತಾನೆ, ನಿಮ್ ಕಣ್ಗೆ ಬಿದ್ದಿರಕಿಲ್ಲ" ಎಂದು ಅಪ್ಪನಿಗೆ ಬೈಯುತ್ತಿದ್ದಳು. ಅಷ್ಟು ಒಳ್ಳೆಯ ಬೈಗುಳವನ್ನು ನಾನು ಜೀವನದಲ್ಲೇ ಕೇಳಿರಲಿಲ್ಲ. ಮಹದೇವ ಹೊರಗೇ ಗೋಡೆಗೆ ಒರಗಿ ಬಿಕ್ಕಿ ಬಿಕ್ಕಿ ಅತ್ತ. ಅವನ ತಲೆಗೆ ಟವೆಲ್ ಸುತ್ತಿ, ಬಾಯಿ ಬಿಡಬೇಡ ಎಂದು ಹೇಳಿ ಒಳಗೆ ಕರೆದುಕೊಂಡು ಹೋದೆ.

ಅವನು ನೇರವಾಗಿ ಹೋಗಿ ಅವ್ವನ ಕಾಲಿನ ಮೇಲೆ ತಲೆ ಇಟ್ಟ. ಟವೆಲ್ ಜಾರಿತು. ಅವ್ವನ ಕೈ ಆ ಬೋಳು ತಲೆಯ ಮೇಲೆ ಬಂದು ನಿಂತಿತು. ಅಪ್ಪ ಬಾಯಿ ತೆರೆದುಕೊಂಡು ನೋಡುತ್ತಿದ್ದರು.

"ಯಾರ್ಗ್ಲಾ ಇದು?" ಎಂದಳು ಅವ್ವ. ತಿರುಗಿ ಅಪ್ಪನನ್ನು ಒಮ್ಮೆ ನೋಡಿದಳು. "ನಿಮ್ಮಪ್ಪ ಇಲ್ಲೇ ಅವ್ರಲ್ಲ..."

ಅವಳಿಗೆ ತಿಳಿದುಹೋಯಿತು. ಬದುಕಿರುವಾಗಲೇ ಮಗ ತಲೆ ಬೋಳಿಸಿಕೊಂಡಿದ್ದಾನೆ, ಇದಕ್ಕಿಂತ ಅಪಶಕುನ ಬೇಕೆ? ಮೊದಲೇ ಹೆದರಿರುವವಳು, ಇನ್ನು ಆಪರೇಷನ್ ಆದ ಹಾಗೇ ಎಂದು ನಾನು ಕೈ ಚೆಲ್ಲಿದೆ.

"ಹೊಳೇಲಿ ಮುಳುಗಿ ಎದ್ದ್ಯಾ?" ಎಂದು ಮೆಲ್ಲಗೆ ಕೇಳಿದಳು.

"ಹೂನವ್ವ."

"ಎಳ್ಳು ನೀರು ಬುಟ್ಯಾ?"

"ಬುಟ್ಟೆ ಕಣವ್ವ" ಎಂದ ಅವನು, ತಲೆ ಎತ್ತದೆ.

ಅವ್ವ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. ನೋವಿಗೆ ಕಣ್ಣಲ್ಲಿ ನೀರು ಬಂದರೂ ನಗು ನಿಲ್ಲಲಿಲ್ಲ. "ಅಲ್ಲಿಗೆ ನನ್ದೆಲ್ಲಾ ಮುಗೀತು. ಸತ್ತೋಳ್ನ ಇನ್ನೊಂದ್ಸಲ ಸಾಯ್ಸಕ್ಕಾದದಾ? ಕರೀರಿ ಆ ಡಾಕ್ಟ್ರುನ್ನ. ಅದೆಲ್ ಕುಯ್ತಾರೋ ಕುಯ್ಲಿ" ಎಂದಳು.

ಮಾರನೆಯ ದಿನ ಆಪರೇಷನ್ ಆಯಿತು. ಒಳಗೆ ಹೋಗುವಾಗ ಅವ್ವ ನಮಗೇ ಧೈರ್ಯ ಹೇಳಿ ಹೋದಳು. ಹುಷಾರಾಗಿ ಮನೆಗೂ ಬಂದಳು. ರಜೆ ಮುಗಿಸಿ ಹೊರಡುವ ಮುಂಚೆ ಮಹದೇವ ನನ್ನ ಜೊತೆ ಸುಬೇದಾರರಿಗೆ ವಂದನೆ ಹೇಳಲು ಬಂದ. ಅವನ ತಲೆ ನೋಡಿದ ತಕ್ಷಣ ಅವರು ಕುರ್ಚಿಯಿಂದ ಎದ್ದು ನಿಂತು, "ಕೊನೆಗೂ ಹೋಗ್ಬಿಟ್ರಾ ತಾಯಿ?" ಎಂದರು. ಇಲ್ಲ ಸಾರ್ ಎಂದು ನಂಬಿಸುವಷ್ಟರಲ್ಲಿ ನನಗೆ ಸಾಕುಬೇಕಾಯಿತು.

ಇಷ್ಟು ವರ್ಷವಾದರೂ ಆ ಬೆಳಗ್ಗೆ ಯಾರ ತಪ್ಪಿನಿಂದ ಹಾಗಾಯಿತು ಎಂದು ನನಗೆ ಹೇಳಲು ಬರುವುದಿಲ್ಲ. ಯಾರೂ ಒಂದು ಸುಳ್ಳೂ ಹೇಳಿರಲಿಲ್ಲ. ಆದರೂ ಸ್ವಲ್ಪ ಹೊತ್ತು ನನ್ನ ಪಾಲಿಗೆ ಅವ್ವ ಸತ್ತೇಹೋಗಿದ್ದಳು, ಆ ಬೀಗ ಹಾಕಿದ ಬಾಗಿಲಿನ ಮುಂದೆ ನಾನು ಅತ್ತ ಅಳು ಸುಳ್ಳಲ್ಲ. ಈಗ ಅವಳಿಗೆ ವಯಸ್ಸಾಗಿದೆ, ಕಿವಿ ಮಂದವಾಗಿದೆ, ಬೈಗುಳ ಹೆಚ್ಚಾಗಿದೆ. ಕೆಲವು ಸಲ ನನಗೂ ರೇಗಿ ಎದುರು ಮಾತಾಡಲು ಬಾಯಿ ತೆರೆಯುತ್ತೇನೆ, ಹಾಗೇ ಮುಚ್ಚಿಕೊಳ್ಳುತ್ತೇನೆ. ಬೈಯಲಿ. ಬೈಯುವುದಕ್ಕೆ ಇದ್ದಾಳಲ್ಲ.