ಗುಲ್ಮಾರ್ಗದಲ್ಲಿ ಪುಟ್ಟಮಲ್ಲಪ್ಪ ಹಲಗೆ ತೊಳೆದದ್ದು

ಹನಗೋಡಿನ ಪುಟ್ಟಮಲ್ಲಪ್ಪನ ಬೈಗುಳಕ್ಕೆ ಹೆದರಿಯೇ ಲಕ್ಷ್ಮಣತೀರ್ಥ ಹೊಳೆ ಆ ಊರ ಹತ್ತಿರ ಸೊಟ್ಟಗೆ ತಿರುಗಿಕೊಂಡಿತು ಎನ್ನುವವರಿದ್ದರು. ಕಾಕನಕೋಟೆಯ ಸಲಗವೊಂದು ಅವನ ಬಾಯಿಗೆ ಸಿಕ್ಕಿತಂತೆ. ಸೊಂಡಿಲಿನಿಂದ ಕಿವಿ ಮುಚ್ಚಿಕೊಳ್ಳಲು ಹೋಗಿ, ಒಂದು ಕಿವಿ ಮಾತ್ರ ಮುಚ್ಚಲಾಗಿ, ಇನ್ನೊಂದಕ್ಕೆ ಬಿದ್ದಷ್ಟರಿಂದಲೇ ಬದುಕು ಸಾಕಾಗಿ ವೈನಾಡಿಗೆ ದೇಶಾಂತರ ಹೋಯಿತಂತೆ. ನಿಜ ಇಷ್ಟೆ: ಅವನು ಮನುಷ್ಯರನ್ನು ಬೈದವನಲ್ಲ. ಗಾಡಿಯ ಕಡಾಣಿ, ಎಡವಿದ ಹೊಸ್ತಿಲು, ಹೊಗೆಯುಗುಳುವ ಒಲೆ, ಇವುಗಳ ಅಜ್ಜಿ ಮುತ್ತಜ್ಜಿಯರ ನಡತೆಯನ್ನಷ್ಟೇ ವಿಚಾರಿಸುತ್ತಿದ್ದ.

ದನಗಳಿಗೆ ದೊಡ್ಡರೋಗ ಬಂದು ಅವನ ಎರಡೂ ಎತ್ತು ಹೋದವು. ಎತ್ತಿಲ್ಲದ ಗಾಡಿಯವನೆಂದರೆ ಹುಣಸೂರಿನಲ್ಲಿ ಮದುವೆ ಮನೆಗೆ ಬಂದ ಕ್ಷೌರದ ಕತ್ತಿಯಿಲ್ಲದ ಹಜಾಮ. ಆಗ ಅಲ್ಲಿ ಮರದ ಡಿಪೋ ಇಟ್ಟಿದ್ದ ಕೆಂಪು ಮೀಸೆಯ ದೊರೆ ಅವನನ್ನು ಕರೆಸಿದ. ಚಳಿಗಾಲದಲ್ಲಿ ದೊರೆ ಕಾಶ್ಮೀರದ ಗುಲ್ಮಾರ್ಗಕ್ಕೆ ಹೋಗಿ, ಕಾಲಿಗೆ ಉದ್ದದ ಹಲಗೆ ಕಟ್ಟಿಕೊಂಡು ಹಿಮದ ಗುಡ್ಡ ಹತ್ತಿ ಜಾರುವವನು. ಈ ಸಲ ಒಬ್ಬ ಮೇಜರನ ಮೇಲೆ ಪಂದ್ಯವಿತ್ತು. ಆ ಮೇಜರನನ್ನು ಕಂಡರೆ ದೊರೆಗೆ ಮೈಯೆಲ್ಲ ತುರಿಕೆ.

ದೊರೆಯ ಬಟ್ಲರ್, ರಾವಂದೂರಿನ ಗೋವಿಂದಯ್ಯ, ಹುಣಿಸೆಹಣ್ಣು ಕಚ್ಚಿದವನಂತೆ ಮುಖ ಮಾಡಿ ತಿಳಿಸಿದ: "ಅಲಗೆ ಒರೋಕೆ ಬರ್ಬೇಕಂತೆ ಕಣ್ಲಾ. ದೊರೆ ಗೆದ್ರೆ ಡಿಪೋದಲ್ಲಿ ನಿಂಗ್ ಬೇಕಾದ್ ಜೋಡಿ ನಿಂದು. ಸೋತ್ರೆ ಚಿಪ್ಪು."

ಆ ಎತ್ತಿನ ಜೋಡಿಯ ಮೇಲೆ ಗೋವಿಂದಯ್ಯ ತನ್ನ ಭಾವಮೈದನ ಪರವಾಗಿ ಕಣ್ಣಿಟ್ಟಿದ್ದ.

ಗುಲ್ಮಾರ್ಗದಲ್ಲಿ ಪುಟ್ಟಮಲ್ಲಪ್ಪನಿಗೆ ಬೈಯಲು ಒಂದು ಇಡೀ ಪರ್ವತ ಸಿಕ್ಕಿತು. ಹಲಗೆಯ ಮೇಲೆ ಬೂಟಿನ ಮೂತಿಗೆ ಕಬ್ಬಿಣದ ಹಿಡಿ, ಹಿಮ್ಮಡಿಗೆ ತೊಗಲ ಪಟ್ಟಿ. ಗುಡ್ಡ ಹತ್ತುವಾಗ ಹಿಮ್ಮಡಿ ಏಳುತ್ತದೆ, ಎದ್ದಾಗ ಅಡಿಗೆ ಹಿಮ ನುಗ್ಗುತ್ತದೆ, ತುಳಿದರೆ ಕಲ್ಲಾಗುತ್ತದೆ. ನಾಲ್ಕು ಮಾರು ಹೋಗುವಷ್ಟರಲ್ಲಿ ದೊರೆ ಗೆಜ್ಜೆ ಕಟ್ಟಿದ ಕೊಕ್ಕರೆಯಂತೆ ಓಲಾಡುತ್ತಿದ್ದ. ಪುಟ್ಟಮಲ್ಲಪ್ಪ ಮಂಡಿಯವರೆಗೆ ಹೂತುಕೊಂಡು ಹಿಂದೆ ಓಡಿ, ಕೋಲಿನಿಂದ ಹಿಮ ಕುಟ್ಟಿ ಕುಟ್ಟಿ ಕೆಡವುತ್ತಿದ್ದ. "ಉದುರ್ತೀಯೋ ಇಲ್ವೋ, ತೂ ನಿನ್ ಅಜ್ಜಿ ಮೂಗ್ ಕುಯ್ಯ!" ಪಂದ್ಯದ ದಿನ ಮಾತ್ರ ಆಳು ಜೊತೆಗೆ ಹೋಗುವಂತಿರಲಿಲ್ಲ.

ಪಂದ್ಯದ ಹಿಂದಿನ ಸಂಜೆ ಅವನಿಗೆ ಜ್ಞಾನೋದಯವಾಯಿತು. ಇದೇನು ಮಹಾ, ಬಿಳಿಯ ಕೆಸರು! ಗಾಡಿಯ ಚಕ್ರಕ್ಕೆ ಕೆಸರು ಮೆತ್ತಿದರೆ ಮಾಡುವುದೇನು? ತೊಳೆಯುವುದು. ಅವನು ಹಂಡೆ ನೀರು ಕಾಯಿಸಿ, ಹಿಡಿಯ ಸಂದಿ, ಪಟ್ಟಿಯ ಮಡಿಕೆ ಯಾವುದನ್ನೂ ಬಿಡದೆ ಹುಯ್ದು ಉಜ್ಜಿದ. ಹಿಮದ ಒಂದು ಹರಳೂ ಉಳಿಯಲಿಲ್ಲ. ಬಾಗಿಲಲ್ಲಿ ನಿಂತು ಬೀಡಿ ಸೇದುತ್ತಿದ್ದ ಗೋವಿಂದಯ್ಯ ಆ ಬೆಟ್ಟದಲ್ಲಿ ಹಲವು ಚಳಿಗಾಲ ಕಳೆದವನು.

"ಚೆಂದಾಗ್ ತೊಳಿ ಮಲ್ಲಪ್ಪ," ಎಂದ. "ಇನ್ನೂ ಎರಡ್ ಚೊಂಬು ಉಯ್ಯಿ. ಆರೋಕೆ ಆಚೆ ನಿಲ್ಸು, ಗಾಳಿ ಚೆನ್ನಾಗದೆ."

ಬೆಳಿಗ್ಗೆ ನೋಡಿದರೆ ತೊಗಲ ಪಟ್ಟಿ ನೊಗದ ಮರದಂತೆ ಸೆಟೆದಿತ್ತು. ಹಿಡಿಯೊಳಗೆ ಗಾಜಿನಂಥ ಮಂಜುಗಡ್ಡೆ. ದೊರೆ ಅದರೊಳಗೇ ಬೂಟು ತುರುಕಿ ಹೊರಟ. ಹಿಮ್ಮಡಿ ಏಳಲೊಲ್ಲದು. ಎರಡು ಹೆಜ್ಜೆಗೆ ಮೀಸೆ ಸಮೇತ ಹಿಮಕ್ಕೆ ಅಡ್ಡಬಿದ್ದ. ಬಿಚ್ಚೋಣವೆಂದರೆ ಪಟ್ಟಿ ಬಿಚ್ಚಿಕೊಳ್ಳದು. ಮೇಜರ್ ಪಕ್ಕದಲ್ಲೇ ಏರಿಹೋಗುತ್ತ ಟೋಪಿಯೆತ್ತಿ ನಮಸ್ಕರಿಸಿದ. ಕೊನೆಗೆ ದೊರೆಯನ್ನು ಹಲಗೆ ಸಮೇತ, ಹೆಣ ಎಳೆದಂತೆ, ಒಳಗೆ ಎಳೆದು ತಂದು ಒಲೆಯ ಮುಂದೆ ಕರಗಿಸಬೇಕಾಯಿತು.

"ಬ್ಯಾಡ ಬ್ಯಾಡ ಅಂದೆ. ನನ್ ಮಾತ್ ಕೇಳ್ನಿಲ್ಲ ಈವಯ್ಯ," ಎಂದು ಗೋವಿಂದಯ್ಯ ಎಲ್ಲರ ಮುಂದೆ ಕನಿಕರದಿಂದ ತಲೆಯಾಡಿಸಿದ.

ಪುಟ್ಟಮಲ್ಲಪ್ಪ ಜನ್ಮದಲ್ಲಿ ಮೊದಲ ಸಲ ಜೀವವಿರುವುದರ ಕಡೆಗೆ ತಿರುಗಿದ. "ಲೇ ಗೋವಿಂದ! ದೊರೆ ಉಳ್ಸಿದ್ ಸೂಪು ಕುಡ್ದು ಕುಡ್ದು ಬಾಯಲ್ಲಿ ಇಂಗ್ಲೀಸು, ಒಟ್ಟೇಲಿ ಇಸ! ನಿನ್ ಭಾವಮೈದುನ್ ಗಾಡಿ ಏರಲ್ಲೂ ಇಂದಕ್ಕೇ ಓಗ್ಲಿ, ಇಳಿಜಾರಲ್ಲೂ ಇಂದಕ್ಕೇ ಓಗ್ಲಿ! ನೀನ್ ಮುಟ್ಟಿದ್ ಆಲು ಕೆಚ್ಚಲಲ್ಲೇ ಒಡೀಲಿ!"

ಇನ್ನೂ ಬಹಳವಿತ್ತು. ವರ್ಷಗಟ್ಟಲೆ ಕಡಾಣಿಯ ಮೇಲೆ ಸಾಣೆ ಹಿಡಿದ ಸರಕು ಒಂದೇ ಏಟಿಗೆ ಖರ್ಚಾಯಿತು. ಒಲೆಯ ಮುಂದೆ ತೊಟ್ಟಿಕ್ಕುತ್ತಿದ್ದ ದೊರೆ, ಇವನು ಏನನ್ನುತ್ತಾನೆ ಎಂದು ಕೇಳಿದ.

ಗೋವಿಂದಯ್ಯ ಕೈಕಟ್ಟಿಕೊಂಡು ಇಂಗ್ಲಿಷಿನಲ್ಲಿ ಬಿನ್ನವಿಸಿದ: ತಪ್ಪಾಯಿತು ಅನ್ನುತ್ತಿದ್ದಾನೆ. ಎತ್ತಿಗೆ ತಾನು ಯೋಗ್ಯನಲ್ಲವಂತೆ, ಬಟ್ಲರನ ಭಾವಮೈದನಿಗೆ ಕೊಡಬೇಕಂತೆ.

ಕೊಟ್ಟರು ಕೂಡ.

ಪುಟ್ಟಮಲ್ಲಪ್ಪ ಬರಿಗೈಯಲ್ಲಿ ಹುಣಸೂರಿಗೆ ಇಳಿದಾಗ ಗಾಡಿ ಅಡ್ಡೆಯ ಜನವೆಲ್ಲ ಸುತ್ತ ನೆರೆಯಿತು. ಹಿಮಾಲಯ ಕಂಡವನು ಆ ಅಡ್ಡೆಗೆ ಅವನೊಬ್ಬನೇ. ಗಾಡಿಯ ಸೋಮಯ್ಯ ಭಕ್ತಿಯಿಂದ ಹತ್ತಿರ ಬಂದ.

"ಅಣ್ಣಾ, ಸಾಕ್ಷಾತ್ ಸಿವ ಕುಂತಿರೋ ಸೀಮೆ ಅಂತಾರೆ. ಅಷ್ಟ್ ದೂರ ಓಗಿ ಬಂದಿದ್ದೀಯ. ಏನ್ ತಂದೆ?"

ಪುಟ್ಟಮಲ್ಲಪ್ಪ ಮೂಗೊರೆಸಿಕೊಂಡ.

"ನೆಗಡಿ ಕಣ್ಲಾ."