ಮೂವತ್ತೊಂದು ಹಲ್ಲಿನ ಚಕ್ರ

1974ರಲ್ಲಿ ನಾನು ರಾಜಾಜಿನಗರದ ಒಂದು ಸಣ್ಣ ಕಾರ್ಖಾನೆಯಲ್ಲಿ ಗೇರ್ ವಿಭಾಗದ ಸೂಪರ್‌ವೈಸರ್. ಹಲ್ಲಿನ ಚಕ್ರ ಕತ್ತರಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಅನ್ನೋ ಜಂಬ ಆಗಲೇ ಇತ್ತು. ಈಗಲೂ ಪೂರ್ತಿ ಇಳಿದಿಲ್ಲ ಬಿಡಿ.

ಒಂದು ಬೆಳಿಗ್ಗೆ ಮೂಡಲಪಾಳ್ಯದಲ್ಲಿ ಖಾರದಪುಡಿ ಮಿಲ್ಲು ನಡೆಸುತ್ತಿದ್ದ ಜಯಮ್ಮ ಬಂದು, ಸವೆದ ಪಿನಿಯನ್ ಒಂದನ್ನು ನನ್ನ ಮೇಜಿನ ಮೇಲೆ ಧೊಪ್ಪನೆ ಇಟ್ಟರು. ಪಿನಿಯನ್ ಅಂದರೆ ಮೋಟಾರಿನ ಕಡೆಯ ಚಿಕ್ಕ ಚಕ್ರ.

"ಇದು ಮೂರನೇದು ಸಾರ್. ಇನ್ನೊಂದು ಸಲ ನಿಂತ್ರೆ ಮಿಲ್ಲು ಮಾರ್ಬಿಡೋಣ ಅಂತಾನೆ ನಮ್ಮ ಮೈದುನ. ಗಂಡ ಇಲ್ಲದೋಳು, ಮಿಲ್ಲೂ ಹೋದ್ರೆ ನಾನೇನ್ ಮಾಡ್ಲಿ?"

ಹೋಗಿ ನೋಡಿದೆ. ಮೈದುನ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದ. ಪಿನಿಯನ್ನಿಗೆ 30 ಹಲ್ಲು, ಒನಕೆಗಳನ್ನು ಎತ್ತುವ ದೊಡ್ಡ ಚಕ್ರಕ್ಕೆ 120. ದೊಡ್ಡದು ಒಂದು ಸುತ್ತು ಬಂದರೆ ಚಿಕ್ಕದು ಸರಿಯಾಗಿ ನಾಲ್ಕು ಸುತ್ತು. ಹಾಗಾಗಿ ಒನಕೆಯ ಭಾರ ಬಿದ್ದಾಗಲೆಲ್ಲ ಅವೇ ಹಲ್ಲುಗಳು ಸಿಕ್ಕಿಬೀಳುತ್ತಿದ್ದವು. ಉಳಿದವು ಹೊಸದರಂತೆ ಹೊಳೆಯುತ್ತಿದ್ದವು, ಸೋಮಾರಿಗಳು!

ಉಪಾಯ ನನಗೆ ಗೊತ್ತಿತ್ತು. ನಮ್ಮ ಕಸುಬಿನ ಸುಲಭ ಸೂತ್ರವೆಂದರೆ ಒಂದು ಚಕ್ರದ ಹಲ್ಲುಗಳು ಅವಿಭಾಜ್ಯ ಸಂಖ್ಯೆಯಲ್ಲಿದ್ದರೆ ಆಯಿತು, ಅಂದರೆ ಒಂದು ಮತ್ತು ತನ್ನಿಂದಲ್ಲದೆ ಬೇರಾವುದರಿಂದಲೂ ಭಾಗವಾಗದ ಸಂಖ್ಯೆ. ಆಗ ಸುತ್ತುಗಳ ಲೆಕ್ಕ ಸಮಕ್ಕೆ ಕೂಡದೆ, ಪ್ರತಿ ಸುತ್ತಿಗೂ ಬೇರೆ ಹಲ್ಲು ಸಿಕ್ಕಿ, ಭಾರ ಸರದಿಯ ಮೇಲೆ ಎಲ್ಲ ಹಲ್ಲಿಗೂ ಹಂಚಿಹೋಗುತ್ತದೆ. ದೊಡ್ಡ ಚಕ್ರವನ್ನೇ ಬದಲಿಸೋಣವೆಂದು 120ರ ಆಸುಪಾಸು ಹುಡುಕಿದೆ. 113 ಬಿಟ್ಟರೆ ಮುಂದಿನದು 127! ನಡುವೆ ಒಂದಾದರೂ ಬೇಡವೇ? ಅಷ್ಟು ವ್ಯತ್ಯಾಸದ ಚಕ್ರ ಆ ಜಾಗದಲ್ಲಿ ಕೂರುತ್ತಿರಲಿಲ್ಲ. ತಲೆ ಕೆಟ್ಟುಹೋಯಿತು.

"ದೊಡ್ಡದನ್ನ ಮಾತ್ರ ಮುಟ್ಬೇಡಿ ಸಾರ್" ಅಂದರು ಜಯಮ್ಮ. "ಅದನ್ನ ಎರಕ ಹೊಯ್ಸೋಕೆ ಎರಡು ತಿಂಗಳು ಬೇಕು. ಅಷ್ಟರಲ್ಲಿ ಇವನು ಮಿಲ್ಲಿಗೆ ಗಿರಾಕಿ ಕರ್ಕೊಂಡ್ ಬಂದಿರ್ತಾನೆ."

ಸಿಟ್ಟು ಬಂತು, ನನಗೇ ಷರತ್ತು ಹಾಕ್ತಾರಲ್ಲ ಅಂತ. ಆದರೆ ಚಿಕ್ಕದರ ಕಡೆ ತಿರುಗಿದ್ದೇ ತಡ, ನಗು ಬಂತು. ಅವಿಭಾಜ್ಯಗಳು ಮೇಲಕ್ಕೆ ಹೋದಷ್ಟೂ ವಿರಳ. ಕೆಳಗೆ ಒತ್ತೊತ್ತಾಗಿ ಕೂತಿರುತ್ತವೆ. 30ರ ಒಂದು ಮಗ್ಗುಲಲ್ಲಿ 29, ಇನ್ನೊಂದರಲ್ಲಿ 31! ಮರುದಿನವೇ 31 ಹಲ್ಲಿನ ಪಿನಿಯನ್ ಕತ್ತರಿಸಿ, ಮೋಟಾರನ್ನು ಚೂರು ಹಿಂದಕ್ಕೆ ಸರಿಸಿ ಕೂರಿಸಿದೆ. ಭಾರ ಹೇಗೆ ಹಂಚಿಹೋಗುತ್ತದೆಂದು ಜಯಮ್ಮನವರಿಗೆ ಬಿಡಿಸಿ ಹೇಳಿದೆ.

ಮುಂದಿನ ವರ್ಷ ಆ ಕಡೆ ಹೋದಾಗ ಮುಚ್ಚಳ ತೆಗೆಸಿ ನೋಡಿದೆ. ಅದೇ ಪಿನಿಯನ್, ಎಲ್ಲ ಹಲ್ಲೂ ಒಂದೇ ಸಮ. ಎಷ್ಟು ಖುಷಿಯಾಯಿತು ಅಂತೀರಿ! ಒಳಗೆ ಮೂಗಿಗೆ ಟವೆಲ್ ಕಟ್ಟಿಕೊಂಡು ಯಾರೋ ಒಂದೇ ಸಮನೆ ಸೀನುತ್ತಿದ್ದರು. ನೋಡಿದರೆ ಮೈದುನ.

"ಮಾರೋ ಮಾತು ಬಿಟ್ಬಿಟ್ಟಿದಾನೆ ಸಾರ್" ಎಂದು ಜಯಮ್ಮ ನಕ್ಕರು. "ನೀವು ಹಲ್ಲಿಗೆ ಹೇಳಿದ್ದನ್ನ ನಾನು ಇವನಿಗೂ ಹೇಳ್ದೆ. ಬೆಳಗಿನ ಸರದಿ ಇವನದು, ಮಧ್ಯಾಹ್ನದ್ದು ನಂದು."

ಒನಕೆ ಮೊದಲಿನಷ್ಟೇ ಜೋರಾಗಿ ಬೀಳುತ್ತಿತ್ತು. ಅಂದಿನಿಂದ, ಏನೇ ಸವೆದು ಮುರಿದರೂ, ಭಾರ ಎಷ್ಟು ಎಂದು ಕೇಳುವ ಮೊದಲು ಸರದಿಯೇ ಬಾರದೆ ಹೊಳೆಯುತ್ತಾ ಕೂತವರು ಯಾರು ಎಂದು ನೋಡುತ್ತೇನೆ.